ದೇವರ ರಥ ಎಳೆದವರ ಹಗ್ಗ

ಹಾಸ್ಟೆಲಿನ ಹುಡುಗನೊಬ್ಬ ಹಳೇ ಇಂಗ್ಲಿಷ್ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ರಟ್ಟು ಹರಿದಿತ್ತು, ಒಳಗಿನ ಫೋಟೋ ಹಾಳೆಗಳು ಕಿತ್ತು ಬರ್ತಿದ್ದವು. ಫುಟ್‌ಪಾತಿನಲ್ಲಿ ಕೊಂಡಿದ್ದಂತೆ. "ಸಾರ್, ಇದನ್ನ ಓದಿ. ದೇವರು ಗೀವರು ಎಲ್ಲಾ ಬೊಗಳೆ ಅಂತ ಪ್ರೂವ್ ಮಾಡಿಬಿಟ್ಟಿದಾನೆ" ಅಂದ. ಅವನ ಮುಖದಲ್ಲಿ ಗೆಲುವಿತ್ತು. ಎರಿಕ್ ಫಾನ್ ಡ್ಯಾನಿಕೆನ್ ಎಂಬ ಸ್ವಿಸ್ ಹೋಟೆಲ್ ಮ್ಯಾನೇಜರ್ 1968ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದು, ಆಮೇಲೆ 'ಚಾರಿಯಟ್ಸ್ ಆಫ್ ದಿ ಗಾಡ್ಸ್?' ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿದ ಪುಸ್ತಕ ಅದು. ದೇವರುಗಳ ರಥಗಳು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ.

ಮೂರು ರಾತ್ರಿ ಕೂತು ಓದಿದೆ. ಹುಡುಗನನ್ನು ಬೈಯಲು ಮನಸ್ಸು ಬರಲಿಲ್ಲ. ಯಾಕೆಂದರೆ ಮೊದಲ ನೋಟಕ್ಕೆ ಈ ಪುಸ್ತಕ ನಮ್ಮ ಕಡೆಯದೇ ಅನ್ನಿಸುತ್ತೆ. ಪುರೋಹಿತರು ಯಾರನ್ನು ದೇವರು ಅಂತ ಪೂಜಿಸಿದರೋ ಅವರೆಲ್ಲ ಬೇರೆ ನಕ್ಷತ್ರಗಳಿಂದ ನೌಕೆಯಲ್ಲಿ ಬಂದಿಳಿದ ಬುದ್ಧಿಜೀವಿಗಳು. ಬೆಂಕಿ ಹೊಗೆ ನೋಡಿ ಬೆದರಿದ ಜನ ಕಾಲಿಗೆ ಬಿದ್ದರು. ಅದೇ ಮುಂದೆ ಪುರಾಣವಾಯಿತು, ಗುಡಿಯಾಯಿತು ಅಂತ ಡ್ಯಾನಿಕೆನ್ ಹೇಳ್ತಾನೆ. ಗುಡಿಯ ಬಾಗಿಲಲ್ಲೇ ನಿಲ್ಲಿಸಿಕೊಂಡು ಬೆಳೆದ ಹುಡುಗನಿಗೆ ಈ ಮಾತು ಕೇಳಿ ಖುಷಿಯಾಗದೆ ಇನ್ನೇನಾದೀತು? ನಮ್ಮ ವಿಚಾರವಾದಿ ಗೆಳೆಯರು ಇಂಥ ಪುಸ್ತಕ ಕಂಡರೆ ಒಮ್ಮೆ ನಕ್ಕು ಪಕ್ಕಕ್ಕಿಡ್ತಾರೆ. ನಗುವುದರಿಂದ ಆ ಹುಡುಗನಿಗೆ ಏನೂ ಸಿಕ್ಕುವುದಿಲ್ಲ. ಆದ್ದರಿಂದ ಈ ವಿಮರ್ಶೆ.

ನಮ್ಮೂರ ತೇರಿನ ದಿನ ದೇವರು ಮೇಲೆ ಕೂತಿರ್ತಾನೆ, ಪೂಜಾರಿ ಅವನ ಪಕ್ಕ ಕೂತಿರ್ತಾನೆ. ಹಗ್ಗ ಹಿಡಿದವರು ಕೆಳಗೆ. ಚಕ್ರಕ್ಕೆ ಸನ್ನೆ ಕೊಡುವವರು ಇನ್ನೂ ಕೆಳಗೆ, ಕೈಕಾಲು ಸಿಕ್ಕಿಸಿಕೊಳ್ಳುವ ಜಾಗದಲ್ಲಿ. ಡ್ಯಾನಿಕೆನ್ ಮೇಲಿದ್ದ ದೇವರನ್ನು ಇಳಿಸಿ ಅಲ್ಲಿ ಹೆಲ್ಮೆಟ್ ಹಾಕಿದವನನ್ನು ಕೂರಿಸಿದ. ಹಗ್ಗದವರ ಗತಿ ಏನಾಯಿತು? ಹಗ್ಗದವರೇ ಇರಲಿಲ್ಲ, ಇದ್ದಿದ್ದರೂ ಅವರ ಕೈಲಿ ಆಗುವ ಕೆಲಸವಲ್ಲ ಇದು ಅಂತ ಆತನ ತೀರ್ಪು. ನನಗೆ ಪುಸ್ತಕದ ಜೊತೆ ಜಗಳ ಹುಟ್ಟುವುದು ಇಲ್ಲಿಂದ.

ಈಜಿಪ್ಟಿನ ಲೆಕ್ಕ ನೋಡೋಣ. ಗೀಝಾದ ದೊಡ್ಡ ಪಿರಮಿಡ್ಡು ಖುಫು ಎಂಬ ದೊರೆಯ ಗೋರಿ. ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದಿನದು, ಕಟ್ಟಿದಾಗ 146 ಮೀಟರಿಗೂ ಸ್ವಲ್ಪ ಮಿಕ್ಕಿ ಎತ್ತರ, ಸುಮಾರು 23 ಲಕ್ಷ ಕಲ್ಲು. ದಿನಕ್ಕೆ ಹತ್ತು ಕಲ್ಲು ಕೂರಿಸಿದರೂ ಮುಗಿಸಲು ಆರುನೂರು ಚಿಲ್ಲರೆ ವರ್ಷ ಬೇಕು, ಹಾಗಾಗಿ ಮನುಷ್ಯರು ಕಟ್ಟಿದ್ದಲ್ಲ ಅಂತ ಡ್ಯಾನಿಕೆನ್ ಲೆಕ್ಕ ಹಾಕ್ತಾನೆ. ಭಾಗಾಕಾರದಲ್ಲಿ ದೋಷ ಹುಡುಕುವ ಅಗತ್ಯವಿಲ್ಲ. ಆ ಹತ್ತು ಎಲ್ಲಿಂದ ಬಂತು? ದಿನಕ್ಕೆ ಹತ್ತು ಅಂತ ಅವನಿಗೆ ಹೇಳಿದವರು ಯಾರು? ಕಲ್ಲು ಕ್ವಾರಿಯ ಯಾವ ಮೇಸ್ತ್ರಿಯನ್ನೂ ಕೇಳಿದಂತಿಲ್ಲ. 1991ರಲ್ಲಿ ಮಾರ್ಕ್ ಲೇನರ್ ಎಂಬ ಪುರಾತತ್ವಜ್ಞ ಗೀಝಾದಲ್ಲೇ ಒಂದು ಪುಟ್ಟ ಪಿರಮಿಡ್ಡು ಕಟ್ಟಿಸಿ ನೋಡಿದ. ಹನ್ನೆರಡು ಜನ ಕಲ್ಲುಕುಟಿಗರು 22 ದಿನದಲ್ಲಿ 186 ಕಲ್ಲು ಕಿತ್ತುಕೊಟ್ಟರು. ದಿನಕ್ಕೆ ಎಂಟಕ್ಕೂ ಹೆಚ್ಚು. ಅವರ ಕೈಲಿ ಕಬ್ಬಿಣದ ಉಳಿ ಇತ್ತು, ಹಳೆಯ ಈಜಿಪ್ಟಿನವರ ಕೈಲಿ ಇದ್ದದ್ದು ತಾಮ್ರ, ಇದನ್ನು ಮುಚ್ಚಿಡಬಾರದು. ತಾಮ್ರಕ್ಕೆ ಮೂರು ಪಟ್ಟು ಜನ ಬೇಕು ಅಂತಲೇ ಇಟ್ಟುಕೊಳ್ಳಿ. ಆಗಲೂ ಡ್ಯಾನಿಕೆನ್ ಇಡೀ ದೇಶದಿಂದ ನಿರೀಕ್ಷಿಸಿದ ಕೆಲಸವನ್ನು ಹೆಚ್ಚುಕಮ್ಮಿ ನಾಲ್ಕು ಡಜನ್ ಕೂಲಿಗಳು ಮಾಡಿ ಮುಗಿಸ್ತಾರೆ. ಕಲ್ಲು ಒಡೆಯುವವನ ಮೈಯಲ್ಲಿ ಎಷ್ಟು ಕೆಲಸ ಇದೆ ಅನ್ನುವುದು ಮೈಮುರಿದು ದುಡಿಯದವನಿಗೆ ತಿಳಿಯುವುದಿಲ್ಲ. ನಮ್ಮಪ್ಪ ಕಲ್ಲು ಒಡೆದವನು. ಬಂಡೆಗೆ ಸಾಲಾಗಿ ಗುಳಿ ತೆಗೆದು, ಬೆಣೆ ಇಟ್ಟು, ಒಂದರ ಹಿಂದೆ ಒಂದಕ್ಕೆ ಏಟು ಕೊಡ್ತಾ ಹೋದರೆ, ಬಂಡೆ ತಾನೇ ಸದ್ದು ಬದಲಿಸಿ ಹೇಳುತ್ತೆ ಈಗ ಬಿರೀತೀನಿ ಅಂತ. ಆ ಸದ್ದು ಕೇಳಿಸಿಕೊಂಡ ಯಾರೂ ಬೇರೆ ನಕ್ಷತ್ರದ ಕಡೆ ಕತ್ತೆತ್ತಿ ನೋಡುವುದಿಲ್ಲ.

ಅಷ್ಟು ಜನಕ್ಕೆ ಅನ್ನ ಎಲ್ಲಿಂದ ಬಂತು ಅಂತಲೂ ಆತ ಸಂಶಯ ಪಡ್ತಾನೆ. ಇದು ಒಳ್ಳೆಯ ಪ್ರಶ್ನೆ. ಕೂಲಿಯವನು ಎಲ್ಲಿ ಉಂಡ ಅಂತ ಕೇಳುವ ಇತಿಹಾಸವೇ ನಮಗೆ ಬೇಕಾದದ್ದು. ಆದರೆ ಕೇಳಿದವನು ಉತ್ತರಕ್ಕೆ ಕಾಯಲಿಲ್ಲ. ಲೇನರ್ ಮತ್ತು ಜಾಹಿ ಹವಾಸ್ ಅವರ ಉತ್ಖನನದಿಂದ ಪಿರಮಿಡ್ಡಿನ ದಕ್ಷಿಣಕ್ಕೆ ಆ ಕೆಲಸಗಾರರ ಊರೇ ಮಣ್ಣಿನಿಂದ ಎದ್ದು ಬಂದಿದೆ. ರೊಟ್ಟಿ ಸುಡುತ್ತಿದ್ದ ಒಲೆಗಳು, ಮಣ್ಣಿನ ಅಚ್ಚುಗಳು, ತಿಂದು ಬಿಸಾಕಿದ ದನ ಕುರಿ ಆಡುಗಳ ಮೂಳೆಗಳ ರಾಶಿ. 1990ರಲ್ಲಿ ಒಂದು ಕುದುರೆ ಮಣ್ಣಿಟ್ಟಿಗೆಯ ಗೋಡೆಗೆ ಎಡವಿತು. ತೋಡಿ ನೋಡಿದರೆ ಕೆಲಸಗಾರರ ಗೋರಿಗಳು. ಅಲ್ಲಿನ ಅಸ್ಥಿಪಂಜರಗಳ ಬೆನ್ನುಮೂಳೆ ಸವೆದಿವೆ, ಗಂಡಸರದ್ದೂ ಹೆಂಗಸರದ್ದೂ. ಮುರಿದು ಮತ್ತೆ ಕೂಡಿಕೊಂಡ ಕೈಮೂಳೆಗಳಿವೆ, ಅಂದರೆ ಯಾರೋ ಕಟ್ಟು ಹಾಕಿದ್ದಾರೆ. ಹೆಲ್ಮೆಟ್ಟಿನವನು ಯಂತ್ರದಿಂದ ಕಲ್ಲು ಎತ್ತಿಟ್ಟಿದ್ದರೆ ಇವರ ಬೆನ್ನು ಯಾಕೆ ಸವೆಯಬೇಕಿತ್ತು? ಪಿರಮಿಡ್ಡುಗಳ ಒಳಗಿನ ಕಲ್ಲುಗಳ ಮೇಲೆ ತಂಡಗಳು ತಮ್ಮ ಹೆಸರು ಬರೆದುಕೊಂಡಿವೆ. ಒಂದು ತಂಡ 'ಖುಫುವಿನ ಗೆಳೆಯರು', ಇನ್ನೊಂದು ಪಿರಮಿಡ್ಡಿನಲ್ಲಿ 'ಮೆನ್ಕೌರನ ಕುಡುಕರು'. ಕೂಲಿಯವರ ತಮಾಷೆ ಎಲ್ಲ ಕಾಲಕ್ಕೂ ಒಂದೇ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇವರು ಗುಲಾಮರಲ್ಲ, ಹೊಟ್ಟೆತುಂಬ ಉಂಡ ಕೆಲಸಗಾರರು ಅಂತ ಈಗಿನ ಪಂಡಿತರು ಒತ್ತಿ ಹೇಳ್ತಾರೆ. ಸಂತೆಯಲ್ಲಿ ಮಾರಿದ ಗುಲಾಮರಲ್ಲ, ನಿಜ. ಆದರೆ ದೊರೆ ಕರೆದಾಗ ಹೊಲ ಬಿಟ್ಟು ಬರಲೇಬೇಕಿದ್ದ ದುಡಿಮೆಗೆ ನಮ್ಮ ಕಡೆ ಬಿಟ್ಟಿ ಅಂತಾರೆ. ಹೊಟ್ಟೆಗೆ ಹಾಕಿದ ಬಿಟ್ಟಿ, ಅಷ್ಟೆ. ಡ್ಯಾನಿಕೆನ್ ಕೈಯಿಂದ ಕಸಿದು ತಂದ ಶ್ರಮಿಕನನ್ನು ನಾವು ಫೇರೋನ ಪಾದಕ್ಕೆ ಒಪ್ಪಿಸಬೇಕಾಗಿಲ್ಲ. ಅದೇ ಈಜಿಪ್ಟಿನಲ್ಲಿ ಕ್ರಿ.ಪೂ. 12ನೇ ಶತಮಾನದಲ್ಲಿ, ಮೂರನೇ ರಾಮ್ಸೆಸ್ ಆಳ್ತಿದ್ದಾಗ, ದೊರೆಗಳ ಗೋರಿ ಕೊರೆಯುವ ದೇರ್ ಎಲ್ ಮದೀನಾದ ಕೆಲಸಗಾರರು ಕಾಳಿನ ಕೂಲಿ ಬಂದಿಲ್ಲ ಅಂತ ಉಪಕರಣ ಕೆಳಗಿಟ್ಟರು. ಕಾವಲು ದಾಟಿ ಹೋಗಿ ಗುಡಿಯ ಹಿಂದೆ ಕೂತುಬಿಟ್ಟರು. ಹಸಿವು, ಬಾಯಾರಿಕೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನು ಇಲ್ಲ, ತರಕಾರಿ ಇಲ್ಲ ಅಂತ ಅವರು ಹೇಳಿದ್ದನ್ನು ಗುಮಾಸ್ತನೊಬ್ಬ ಬರೆದಿಟ್ಟ. ಆ ಪಪೈರಸ್ ಹಾಳೆ ಇಟಲಿಯ ಟೂರಿನ್ ಮ್ಯೂಸಿಯಮ್ಮಿನಲ್ಲಿದೆ. ಲೋಕದಲ್ಲಿ ಬರಹದಲ್ಲಿ ಉಳಿದುಬಂದ ಅತಿ ಹಳೆಯ ಮುಷ್ಕರಗಳಲ್ಲಿ ಅದು ಒಂದು. ನಕ್ಷತ್ರದಿಂದ ಬಂದವರು ಕೂಲಿಗಾಗಿ ಧರಣಿ ಕೂತ ಕಥೆ ಎಲ್ಲೂ ಇಲ್ಲ.

ಈಜಿಪ್ಟಿನ ವಿದ್ಯೆ ಒಂದೇ ಸಲ ಸಿದ್ಧವಾಗಿ ಮೇಲಿಂದ ಇಳಿಯಿತು ಅನ್ನುವುದು ಪುಸ್ತಕದ ಮುಖ್ಯ ವಾದ. ಕೆಲಸಗಾರರ ಊರು 1968ರಲ್ಲಿ ಇನ್ನೂ ಮಣ್ಣಿನಡಿ ಇತ್ತು, ಅದು ಡ್ಯಾನಿಕೆನ್ ತಪ್ಪಲ್ಲ. ಆದರೆ ದಹಶೂರಿನ ಬಗ್ಗಿದ ಪಿರಮಿಡ್ಡು ಮಣ್ಣಿನಡಿ ಇರಲಿಲ್ಲವಲ್ಲ? ಖುಫುವಿನ ಅಪ್ಪ ಸ್ನೆಫ್ರು ಕಟ್ಟಿಸಿದ್ದು. ಕೆಳಗೆ ಕಡಿದಾದ ಇಳಿಜಾರಿನಲ್ಲಿ ಶುರು ಮಾಡಿ, ಭಾರ ತಡೆಯುವುದಿಲ್ಲ ಅಂತ ಕಂಡು, ಅರ್ಧಕ್ಕೆ ಬಂದಾಗ ಇಳಿಜಾರು ಕಡಿಮೆ ಮಾಡಿದ್ದಾರೆ. ದೂರದಿಂದ ನೋಡಿದರೆ ಸೊಂಟ ಬಗ್ಗಿದ ಮುದುಕನ ಹಾಗೆ ಕಾಣುತ್ತೆ. ಅದಕ್ಕೂ ಹಿಂದೆ ಸಕ್ಕಾರಾದಲ್ಲಿ ಜೋಸರನ ಮೆಟ್ಟಿಲು ಪಿರಮಿಡ್ಡು. ಆಮೇಲೆ ಸ್ನೆಫ್ರುವಿನದೇ ಕೆಂಪು ಪಿರಮಿಡ್ಡು, ಈ ಸಲ ಶುರುವಿನಿಂದಲೇ ಕಡಿಮೆ ಇಳಿಜಾರು. ಅಷ್ಟಾದ ಮೇಲೆ ಮಗನ ಕಾಲದ ದೊಡ್ಡದು. ಇದು ಕೆಲವು ತಲೆಮಾರುಗಳ ಮೇಸ್ತ್ರಿಗಳು ತಪ್ಪಿ, ತಿದ್ದಿ, ಕಲಿತ ದಾರಿ. ನಕ್ಷತ್ರಗಳ ನಡುವೆ ಹಡಗು ನಡೆಸಿ ಬಂದವನಿಗೆ ಕಲ್ಲಿನ ರಾಶಿಯ ಇಳಿಜಾರು ಎಷ್ಟಿರಬೇಕು ಅಂತ ಗೊತ್ತಿರಲಿಲ್ಲವೇ?

ಇನ್ನು 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಿಯೆರ್ ತಾಲೆ ಎಂಬ ಫ್ರೆಂಚ್ ಪುರಾತತ್ವಜ್ಞನ ತಂಡಕ್ಕೆ ಸಿಕ್ಕ ಹಾಳೆಗಳು. ಬರಹವಿರುವ ಪಪೈರಸ್‌ಗಳಲ್ಲಿ ಇದುವರೆಗೆ ಸಿಕ್ಕ ಅತ್ಯಂತ ಹಳೆಯವು. ಮೆರೆರ್ ಎಂಬ ಒಬ್ಬ ತಂಡದ ಮೇಸ್ತ್ರಿಯ ದಿನಚರಿ. ಇವತ್ತು ತೂರಾ ಗಣಿಯಲ್ಲಿ ಕಲ್ಲು ತುಂಬಿದೆವು, ನಾಳೆ ನದಿಯಲ್ಲಿ ದೋಣಿ ಬಿಟ್ಟೆವು, ಖುಫುವಿನ ಪಿರಮಿಡ್ಡಿನ ಹತ್ತಿರ ಇಳಿಸಿದೆವು, ಮತ್ತೆ ವಾಪಸು, ಈ ರೀತಿ ತಿಂಗಳುಗಟ್ಟಲೆ. ಹಾಜರಿ ಪುಸ್ತಕದ ಹಾಗೆ ನೀರಸ. ಆ ನೀರಸದಲ್ಲೇ ಅದರ ಬಲ ಇದೆ. ನಮ್ಮ ಹಳ್ಳಿ ಮೇಷ್ಟ್ರುಗಳು ಪಿರಮಿಡ್ಡಿನ ಪಾಠ ಮಾಡುವಾಗ ಖುಫುವಿನ ಹೆಸರಿನ ಜೊತೆ ಮೆರೆರನ ಹೆಸರನ್ನೂ ಬೋರ್ಡಿನ ಮೇಲೆ ಬರೆಯಬೇಕು.

ಲೆಕ್ಕದ ಮೇಷ್ಟ್ರುಗಳಿಗೆ ಇನ್ನೊಂದು. ಪಿರಮಿಡ್ಡಿನ ಎತ್ತರವನ್ನು ನೂರು ಕೋಟಿಯಿಂದ ಗುಣಿಸಿದರೆ ಭೂಮಿಯಿಂದ ಸೂರ್ಯನಿಗಿರುವ ದೂರ ಬರುತ್ತೆ, ಇದು ಆಕಸ್ಮಿಕವೇ ಅಂತ ಡ್ಯಾನಿಕೆನ್ ಕೇಳ್ತಾನೆ. ಗುಣಿಸಿ ನೋಡಿ: ಸುಮಾರು 14 ಕೋಟಿ 66 ಲಕ್ಷ ಕಿಲೋಮೀಟರ್. ನಿಜವಾದ ಸರಾಸರಿ ದೂರ 14 ಕೋಟಿ 96 ಲಕ್ಷ. ತಪ್ಪು 30 ಲಕ್ಷ ಕಿಲೋಮೀಟರ್, ಚಂದ್ರನ ದೂರಕ್ಕೆ ಏಳೆಂಟು ಪಟ್ಟು. ನಾನು ಹುಡುಗರಿಗೆ ಹನ್ನೆರಡೂವರೆ ಅಡಿಯ ಒಂದು ಬಿದಿರು ಗಳ ತರಿಸಿದೆ. ಅದನ್ನು ಹತ್ತು ಕೋಟಿಯಿಂದ ಗುಣಿಸಿ ಅಂದೆ. 3 ಲಕ್ಷ 81 ಸಾವಿರ ಕಿಲೋಮೀಟರ್ ಬಂತು. ಚಂದ್ರನ ಸರಾಸರಿ ದೂರ 3 ಲಕ್ಷ 84 ಸಾವಿರ. ನಮ್ಮ ಬಿದಿರು ಗಳ ಪಿರಮಿಡ್ಡಿಗಿಂತ ಕರಾರುವಾಕ್ಕು! ಗಳ ಕಡಿದು ತಂದ ಹುಡುಗ ಯಾವ ನಕ್ಷತ್ರದವನು ಅಂತ ಕೇಳಿದೆ. ಇಡೀ ಕ್ಲಾಸು ನಕ್ಕಿತು.

ಪೆರುವಿನ ನಾಸ್ಕಾ ಗೆರೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೌಕೆ ಇಳಿಯುವ ಪಟ್ಟಿಗಳಂತೆ ಕಾಣ್ತವೆ ಅಂತ ಆತ ಬರೆದ. ಆ ನೆಲ ಮೆತ್ತಗಿನದು, ಭಾರದ ನೌಕೆ ಹೂತುಹೋಗುತ್ತೆ. 1982ರಲ್ಲಿ ಅಮೆರಿಕದ ಜೋ ನಿಕೆಲ್ ಗೂಟ, ದಾರ, ನಾಲ್ಕಾರು ಜನ ನೆಂಟರಿಷ್ಟರನ್ನು ಕಟ್ಟಿಕೊಂಡು 440 ಅಡಿಯ ಹದ್ದಿನ ಚಿತ್ರವನ್ನು ಬಯಲಲ್ಲಿ ಬಿಡಿಸಿ ತೋರಿಸಿದ. ನಮ್ಮ ಹೆಣ್ಣುಮಕ್ಕಳು ಚುಕ್ಕಿ ಇಟ್ಟು ರಂಗೋಲಿ ಬಿಡೋದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೆಕ್ಸಿಕೋದ ಪಲೆಂಕೆಯಲ್ಲಿ 1952ರಲ್ಲಿ ಸಿಕ್ಕ ಗೋರಿಯ ಮುಚ್ಚಳದ ಮೇಲಿನ ಚಿತ್ರ ರಾಕೆಟ್ಟಿನೊಳಗೆ ಕೂತ ಯಾತ್ರಿಕನದು ಅಂದ. ಆಮೇಲೆ ಮಾಯಾ ಲಿಪಿ ಓದಲು ಬಂತು. ಆ ಕಲ್ಲಿನ ಅಂಚಿನಲ್ಲೇ ಹೆಸರು ತಾರೀಖು ಬರೆದಿದೆ: 683ರಲ್ಲಿ ಸತ್ತ ಪಕಾಲ್ ಎಂಬ ದೊರೆ. ಓದಲು ಬಾರದ ಅಕ್ಷರವನ್ನು ಅಕ್ಷರವೇ ಅಲ್ಲ ಅನ್ನುವ ದರ್ಪ ನಮಗೆ ಪರಿಚಯದ್ದೇ.

ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಕಥೆಯಲ್ಲಿ ಮಾತ್ರ ನಗು ಬರುವುದಿಲ್ಲ. ಅಲ್ಲಿನ ಜನ ಅದನ್ನು ರಾಪಾ ನೂಯಿ ಅಂತಾರೆ. ಅಲ್ಲಿಯ ದೈತ್ಯ ಮೂರ್ತಿಗಳನ್ನು ಆ ಬಡ ದ್ವೀಪದವರು ಕೆತ್ತಿರಲಾರರು ಅಂತ ಡ್ಯಾನಿಕೆನ್ ತೀರ್ಮಾನ. ರಾನೋ ರರಾಕು ಎಂಬ ಗಣಿಯಲ್ಲಿ ಇವತ್ತಿಗೂ ನೂರಾರು ಮೂರ್ತಿಗಳು ಅರ್ಧಂಬರ್ಧ ಕೆತ್ತಿದಂತೆ ಮಲಗಿವೆ, ಕೆಲವು ಬೆನ್ನು ಇನ್ನೂ ಬಂಡೆಗೆ ಅಂಟಿಕೊಂಡ ಹಾಗೇ. ಕೆತ್ತುತ್ತಿದ್ದ ಕಲ್ಲಿನ ಉಳಿಗಳು ಪಕ್ಕದಲ್ಲೇ ಬಿದ್ದಿದ್ದವು. 1955-56ರಲ್ಲಿ ನಾರ್ವೆಯ ಥಾರ್ ಹೆಯರ್‌ಡಾಲ್ ಹೋಗಿ ಕೇಳಿದಾಗ ದ್ವೀಪದವರು ಅದೇ ಉಳಿ ಹಿಡಿದು ಕೆತ್ತಿ ತೋರಿಸಿದರು; ಹನ್ನೆರಡು ಜನ ಸನ್ನೆಗೋಲು ಹಾಕಿ, ಅಡಿಗೆ ಕಲ್ಲು ಪೇರಿಸುತ್ತಾ 18 ದಿನದಲ್ಲಿ ಬಿದ್ದಿದ್ದ ಮೂರ್ತಿಯನ್ನು ಎತ್ತಿ ನಿಲ್ಲಿಸಿದರು. ಇದು ಡ್ಯಾನಿಕೆನ್ ಪುಸ್ತಕ ಬರುವುದಕ್ಕೆ ಹತ್ತು ವರ್ಷಕ್ಕೂ ಮೊದಲು. ಮೂರ್ತಿಗಳು ನಡೆದುಕೊಂಡು ಬಂದವು ಅಂತ ಅವರ ಅಜ್ಜಂದಿರ ಮಾತು. 2012ರಲ್ಲಿ ಟೆರಿ ಹಂಟ್, ಕಾರ್ಲ್ ಲಿಪೋ ಎಂಬಿಬ್ಬರು ಹದಿನೆಂಟು ಜನರ ಕೈಗೆ ಹಗ್ಗ ಕೊಟ್ಟು, ನಾಲ್ಕು ಟನ್ನಿಗೂ ಹೆಚ್ಚು ತೂಕದ ಪ್ರತಿಕೃತಿಯನ್ನು ಎಡಕ್ಕೂ ಬಲಕ್ಕೂ ವಾಲಿಸುತ್ತಾ ನಡೆಸಿಯೇ ಬಿಟ್ಟರು. ಅಜ್ಜಂದಿರು ಕಥೆ ಕಟ್ಟಿರಲಿಲ್ಲ, ಕೆಲಸದ ವಿಧಾನ ಹೇಳ್ತಿದ್ದರು.

ಹಾಗಾದರೆ ಅಷ್ಟು ಬಲ್ಲವರು ಅಷ್ಟು ಬಡವರಾದದ್ದು ಹೇಗೆ? 1862-63ರಲ್ಲಿ ಪೆರುವಿನಿಂದ ಆಳು ಹಿಡಿಯುವ ಹಡಗುಗಳು ಬಂದವು. ಸುಮಾರು ಒಂದೂವರೆ ಸಾವಿರ ಜನರನ್ನು ಹಿಡಿದು ಒಯ್ದರು. ದೊರೆ, ಓದುಬರಹ ಬಲ್ಲವರು ಯಾರನ್ನೂ ಬಿಡಲಿಲ್ಲ. ವಾಪಸು ಬಂದ ಕೈಬೆರಳೆಣಿಕೆಯವರ ಜೊತೆ ಸಿಡುಬು ಬಂತು. 1877ರಲ್ಲಿ ಇಡೀ ದ್ವೀಪದಲ್ಲಿ ಉಳಿದವರು 111 ಜನ. ಮೊದಲು ಬಲ್ಲವರನ್ನು ಕದ್ದರು. ನೂರು ವರ್ಷ ಬಿಟ್ಟು ಬಂದು, ಇವರಿಗೆ ಏನೂ ಗೊತ್ತಿಲ್ಲವಲ್ಲ, ಹಾಗಾದರೆ ಮೇಲಿನವರೇ ಮಾಡಿರಬೇಕು ಅಂತ ಪುಸ್ತಕ ಬರೆದರು. ಆ ದ್ವೀಪಕ್ಕೆ ಹೊರಗಿನಿಂದ ಬಂದಿಳಿದವರು ಯಾರು ಅಂತ ಕೇಳಿದರೆ ಉತ್ತರ ಇದೇ.

ಇದೇ ರೋಗ ಆಫ್ರಿಕಾದಲ್ಲಿ ಇನ್ನೂ ಮೊದಲೇ ಕಾಣಿಸಿತ್ತು. ಅಲ್ಲಿ ನಕ್ಷತ್ರದವರ ಬದಲು ಬಿಳಿಯರನ್ನು ಕರೆತಂದರು. ಗ್ರೇಟ್ ಜಿಂಬಾಬ್ವೆಯ ಕಲ್ಲಿನ ಕೋಟೆಗೋಡೆಗಳು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದವು, ಕೆಲವು ಕಡೆ 11 ಮೀಟರ್ ಎತ್ತರ. 1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಯಾತ್ರಿಕ ಅಲ್ಲಿಯ ಬಾಗಿಲ ತೊಲೆಯಿಂದ ಒಂದು ಚಕ್ಕೆ ಕಿತ್ತು ತನ್ನ ಪೆನ್ಸಿಲ್ ಜೊತೆ ಹೋಲಿಸಿ ನೋಡಿದ. ಎರಡೂ ಒಂದೇ ಥರ ಇವೆ, ಪೆನ್ಸಿಲ್ ಸೀಡರ್ ಮರದ್ದು, ಸೀಡರ್ ಲೆಬನಾನಿನದು, ಆದ್ದರಿಂದ ಇದು ಶೀಬಾ ರಾಣಿಯ ಅರಮನೆ! ಇಂಥ ತರ್ಕವನ್ನು ನಮ್ಮ ಹುಡುಗ ಪರೀಕ್ಷೆಯಲ್ಲಿ ಬರೆದರೆ ಸೊನ್ನೆ ಸಿಗುತ್ತೆ. 1905ರಲ್ಲಿ ರಾಂಡಲ್ ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು ನೋಡಿ, ಇದು ಅಲ್ಲಿಯ ಕರಿಯ ಜನರೇ ಕಟ್ಟಿದ್ದು ಅಂತ ಸ್ಪಷ್ಟವಾಗಿ ಹೇಳಿದರು. ಆದರೂ 1965ರ ನಂತರದ ರೊಡೇಷಿಯಾದ ಬಿಳಿಯರ ಸರ್ಕಾರಕ್ಕೆ ಆ ಸತ್ಯ ನುಂಗಲಾಗಲಿಲ್ಲ. ಈ ನೆಲದವರಿಗೆ ಕಟ್ಟಲು ಬರುತ್ತಿತ್ತು ಅಂತ ಒಪ್ಪಿದರೆ ಆಳಲೂ ಬರುತ್ತೆ ಅಂತ ಒಪ್ಪಬೇಕಲ್ಲ? ಪೀಟರ್ ಗಾರ್ಲೇಕ್ ಎಂಬ ಪುರಾತತ್ವಜ್ಞ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ಗೆದ್ದ ಜನ ಆ ಗೋಡೆಗಳ ಹೆಸರನ್ನೇ ದೇಶಕ್ಕೆ ಇಟ್ಟುಕೊಂಡರು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಯಾವ ಗ್ರಹದವರು ಕಟ್ಟಿದರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಪರದೇಶದವರನ್ನು ಬೈದು ನಾವು ಸುಮ್ಮನಾಗುವ ಹಾಗಿಲ್ಲ. ನಮ್ಮ ವಿಮಾನಗಳಿವೆಯಲ್ಲ! ಮಹಾಭಾರತದ, ರಾಮಾಯಣದ ವಿಮಾನಗಳು ಡ್ಯಾನಿಕೆನ್ ಥರದವರಿಗೆ ದೊಡ್ಡ ಸಾಕ್ಷಿ. ಅವರ ಹಿಂಬಾಲಕರು ಎತ್ತಿ ತೋರಿಸುವ 'ವೈಮಾನಿಕ ಶಾಸ್ತ್ರ' ಎಂಬ ಸಂಸ್ಕೃತ ಪುಸ್ತಕ ಹುಟ್ಟಿದ್ದು ಬೆಂಗಳೂರಿನ ಪಕ್ಕದ ಆನೇಕಲ್ಲಿನಲ್ಲಿ. ಭರದ್ವಾಜ ಋಷಿ ಹೇಳಿದ್ದು ಅಂತ ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಮೊದಲ ದಶಕಗಳಲ್ಲಿ ಬಾಯಿಂದ ಹೇಳಿ ಬರೆಸಿದರು. ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷಿನೊಂದಿಗೆ ಅಚ್ಚು ಹಾಕಿಸಿದರು. ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಾತಿಗಳು ಇದನ್ನು ಸಾಲುಸಾಲಾಗಿ ಪರೀಕ್ಷಿಸಿದರು. ನಗಲಿಲ್ಲ, ಲೆಕ್ಕ ಹಾಕಿದರು. ಭಾಷೆ ವೇದಕಾಲದ್ದಲ್ಲ, ಪುಸ್ತಕ 1904ಕ್ಕಿಂತ ಹಳೆಯದಲ್ಲ, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ಆ ವಿಮಾನಗಳಲ್ಲಿ ಒಂದೂ ಹಾರುವುದಿಲ್ಲ ಅಂತ ಅವರ ತೀರ್ಮಾನ. ಅಷ್ಟಾದರೂ 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಪ್ರಾಚೀನ ವಿಮಾನಗಳ ಪ್ರಬಂಧ ಓದಿದರು.

ಡ್ಯಾನಿಕೆನ್ ಪ್ರಕಾರ ಎಲ್ಲ ನಕ್ಷತ್ರದಿಂದ ಬಂತು. ಇವರ ಪ್ರಕಾರ ಎಲ್ಲ ಋಷಿಯ ತಲೆಯಿಂದ ಬಂತು. ಜಗಳ ಮೇಲೆ ಕೂತವರದ್ದು. ಆ ವಿಮಾನಕ್ಕೆ ಲೋಹ ಕರಗಿಸಿದ ಕಮ್ಮಾರ, ಅದಿರು ಹೊತ್ತವಳು, ತಿದಿ ಒತ್ತಿದ ಹುಡುಗ ಎರಡೂ ಪುಸ್ತಕದಲ್ಲಿ ಇಲ್ಲ. ಈಗ ಹಳೇಬೀಡಿನ ಕೆತ್ತನೆಯೂ ಯಾವುದೋ ಬಾಹ್ಯಲೋಕದ ಯಂತ್ರದ್ದು ಅಂತ ಮೊಬೈಲಿನಲ್ಲಿ ವಿಡಿಯೋ ಓಡಾಡ್ತಿವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕಲ್ಲಿನ ಮೇಲೆ ಕೆತ್ತಿಟ್ಟು ಹೋಗಿದ್ದಾರೆ. ಅಲ್ಲೇ ನಿಂತು ವಿಡಿಯೋ ತೆಗೆಯುವವರಿಗೆ ಕನ್ನಡ ಓದಲು ಬಂದರೆ ಸಾಕಿತ್ತು.

ಹಾಗಾದರೆ ಬೇರೆಲ್ಲೂ ಜೀವವೇ ಇಲ್ಲವೇ ಅಂತ ಹುಡುಗ ಕೇಳಿದ. ಇರಬಹುದು. ನಕ್ಷತ್ರಗಳು ಅಷ್ಟಿವೆ, ಇರಲಿ ಅಂತಲೇ ನನ್ನ ಆಸೆ ಕೂಡ. ಕಾರ್ಲ್ ಸೇಗನ್ ಮತ್ತು ರಷ್ಯಾದ ಶ್ಕ್ಲೋವ್ಸ್ಕಿ 1966ರಲ್ಲೇ, ಡ್ಯಾನಿಕೆನ್‌ಗಿಂತ ಮೊದಲೇ, ಯಾರಾದರೂ ಹಿಂದೆಂದೋ ಭೂಮಿಗೆ ಬಂದುಹೋಗಿರಬಹುದೇ ಅಂತ ಗಂಭೀರವಾಗಿ ಚರ್ಚಿಸಿದ್ದಾರೆ. ಅವರು ಬಾಗಿಲು ಮುಚ್ಚಲಿಲ್ಲ, ಗಟ್ಟಿ ಸಾಕ್ಷಿ ತನ್ನಿ ಅಂದರು. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಬೆಳಕಿನ ವರ್ಷ ದೂರ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಓಡ್ತಿದೆ. ಆ ವೇಗದಲ್ಲಿ ಅಲ್ಲಿಗೆ ಹೋಗಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ದಾಟಲಾಗದ ದೂರ ಅಂತ ಯಾರೂ ಆಣೆ ಇಡಬೇಕಿಲ್ಲ. ದಾಟಿದವರ ಒಂದು ಮೊಳೆ, ಒಂದು ಚೂರು ಬಟ್ಟೆ, ಈ ಭೂಮಿಯದ್ದಲ್ಲ ಅನ್ನಬಹುದಾದ ಒಂದು ಲೋಹದ ತುಣುಕು ಇದುವರೆಗೆ ಸಿಕ್ಕಿಲ್ಲ. ಆಕಾಶದಲ್ಲಿ ಕಂಡ ವಿಚಿತ್ರಗಳನ್ನು ಪರಿಶೀಲಿಸಿದ ನಾಸಾದ 2023ರ ವರದಿಯಲ್ಲೂ, ಪೆಂಟಗನ್ನಿನ 2024ರ ವರದಿಯಲ್ಲೂ ಅನ್ಯಲೋಕದವರ ಪುರಾವೆ ಇಲ್ಲ. 2023ರಲ್ಲಿ ಮೆಕ್ಸಿಕೋದ ಸಂಸತ್ತಿನೊಳಗೇ ಪೆಟ್ಟಿಗೆಯಲ್ಲಿ ತಂದು ತೋರಿಸಿದ 'ಅನ್ಯಲೋಕದ ಹೆಣ'ಗಳ ಸುದ್ದಿ ನೀವೂ ನೋಡಿರ್ತೀರಿ. ಅದೇ ಬಗೆಯವನ್ನು ಪೆರುವಿನ ತಜ್ಞರು ಪರೀಕ್ಷಿಸಿ 2024ರ ಜನವರಿಯಲ್ಲಿ ಹೇಳಿದರು: ಪ್ರಾಣಿ ಪಕ್ಷಿಗಳ ಮೂಳೆಗೆ ಈಗಿನ ಕಾಲದ ಅಂಟು ಹಚ್ಚಿ ಮಾಡಿದ ಗೊಂಬೆಗಳು.

ಹುಡುಗ ಪುಸ್ತಕ ವಾಪಸು ತಗೊಂಡ. ಸ್ವಲ್ಪ ಬೇಜಾರಾಗಿದ್ದ. ಬಾಗಿಲ ತನಕ ಹೋಗಿ ತಿರುಗಿ ನಿಂತು, "ಅಲ್ಲಾ ಸಾರ್, ಅಷ್ಟು ದೊಡ್ಡ ಕಲ್ಲಿಗೆ ಅವರ ಹತ್ತಿರ ಹಗ್ಗ ಎಲ್ಲಿತ್ತು?" ಅಂದ. ಮರಳಿನ ಮೇಲೆ ಜಾರುಬಂಡಿಯಲ್ಲಿ ಕಲ್ಲಿನ ಮೂರ್ತಿಯನ್ನು 172 ಜನ ಎಳೆಯುವ, ಮುಂದೆ ಒಬ್ಬ ಮರಳಿಗೆ ನೀರು ಹೊಯ್ಯುವ ಚಿತ್ರ ಜೆಹುತಿಹೋತೆಪ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲಿತ್ತು ಅಂತ ಹೇಳಿದೆ. ಚಿತ್ರ ಬೇಡ, ಹಗ್ಗ ಅಂದ. ಒಳ್ಳೆಯ ಹುಡುಗ. ಹಗ್ಗವೂ ಇದೆ ಅಂದೆ. ಪಿರಮಿಡ್ಡಿನ ಕಾಲದ್ದಲ್ಲ, ಅದಕ್ಕಿಂತ ಏಳುನೂರು ವರ್ಷ ಈಚಿನದು. ಕೆಂಪು ಸಮುದ್ರದ ದಡದಲ್ಲಿ ವಾದಿ ಗವಾಸಿಸ್ ಎಂಬಲ್ಲಿ ಕ್ಯಾಥರಿನ್ ಬಾರ್ಡ್, ರೊಡಾಲ್ಫೊ ಫಟೋವಿಚ್ ಅವರ ತಂಡ ಒಂದು ಗುಹೆಯೊಳಗೆ ಇಣುಕಿದಾಗ, ಹಡಗಿನ ಹಗ್ಗಗಳ ಸುರುಳಿಗಳು ಸಾಲಾಗಿ ಬಿದ್ದಿದ್ದವು. ಪಪೈರಸ್ ಜೊಂಡಿನಿಂದ ಹೊಸೆದ ಹಗ್ಗ. ಸುಮಾರು 3,800 ವರ್ಷದ ಹಿಂದೆ ಕೆಲಸ ಮುಗಿಸಿದವರು ಅಚ್ಚುಕಟ್ಟಾಗಿ ಸುತ್ತಿ, ನಡುವೆ ಕಟ್ಟು ಬಿಗಿದು, ಮತ್ತೆ ಬರ್ತೀವಿ ಅನ್ನೋ ಹಾಗೆ ಇಟ್ಟು ಹೋಗಿದ್ದರು. ಕಟ್ಟು ಇನ್ನೂ ಬಿಚ್ಚಿರಲಿಲ್ಲ.